ಚೀಟಿಯಲ್ಲಿ ಹಸಿರು, ರಸ್ತೆಯಲ್ಲಿ ಎಡಕ್ಕೆ: ಅಂಚುಕಲ್ಲಿಗೆ ಬಡಿದ ಸ್ವಿಫ್ಟ್‌ನ ಸ್ಟಿಯರಿಂಗ್ ದುರಸ್ತಿ

ಅಲೈನ್‌ಮೆಂಟ್ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಚಕ್ರಗಳ ಮೂತಿ ಎತ್ತ ತಿರುಗಿದೆ ಎಂದು ಹೇಳುವ ಟೋ ಅಂಕಣ ಎರಡೂ ಕಡೆ ಹಸಿರಾಗಿದೆ, ಅಂದರೆ ಅಳತೆ ಸರಿಯಿದೆ. ಸ್ಟಿಯರಿಂಗ್ ಚಕ್ರವೂ ನೆಟ್ಟಗೆ ಕೂತಿದೆ. ಆದರೆ ಸಮತಟ್ಟಾದ ಜಾಗದಲ್ಲಿ ಹಿಡಿತ ಸಡಿಲಿಸಿದರೆ ಕಾರು ಎಡಕ್ಕೆ ಸರಿಯುತ್ತದೆ. ಬಲಕ್ಕೆ ತಿರುಗಿಸಿ ಬಿಟ್ಟರೆ ಸ್ಟಿಯರಿಂಗ್ ಸರಕ್ಕನೆ ನಡುವಿಗೆ ಬರುತ್ತದೆ. ಎಡಕ್ಕೆ ತಿರುಗಿಸಿ ಬಿಟ್ಟರೆ ಮರಳಲು ಮನಸ್ಸೇ ಮಾಡುವುದಿಲ್ಲ. ವೇಗ ಗಂಟೆಗೆ 70 ಕಿ.ಮೀ. ದಾಟಿದರೆ ಕೈಗೆ ನಡುಕ ಬೇರೆ.

ಇದು ನನ್ನ ಭಾವಮೈದುನನ 2013ರ ಸ್ವಿಫ್ಟ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಮಳೆ ನೀರು ನಿಂತು ಅಂಚುಕಲ್ಲು ಮುಳುಗಿತ್ತು. ಎಡಗಡೆಯ ಮುಂದಿನ ಚಕ್ರ ಅದಕ್ಕೆ ಓರೆಯಾಗಿ ಬಡಿದು, ಮೇಲೇರಿ, ಕೆಳಗೆ ಬಿದ್ದಿದೆ. ಬಂಪರ್‌ನ ಮೇಲೆ ಒಂದು ಗೀರೂ ಇಲ್ಲ. ಮರುದಿನ ನೇರ ಹೋಗುವಾಗ ಸ್ಟಿಯರಿಂಗ್ ಎಡಕ್ಕೆ ವಾಲಿರುವುದನ್ನು ಕಂಡು ಅವನು ಹತ್ತಿರದ ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದ. ವಾಲುವುದು ನಿಂತಿತು, ಉಳಿದದ್ದೆಲ್ಲ ಹಾಗೆಯೇ ಉಳಿಯಿತು. ಕಾರು ನನ್ನ ಅಂಗಳಕ್ಕೆ ಬಂದದ್ದು ಆಮೇಲೆ.

ಅಲೈನ್‌ಮೆಂಟ್ ಎಂದರೆ ದುರಸ್ತಿ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಭಾಗಗಳೆಲ್ಲ ನೇರವಾಗಿದ್ದಾಗ ಕೊನೆಯಲ್ಲಿ ಮಾಡುವ ಹೊಂದಾಣಿಕೆ ಅದು. ಬಾಗಿದ ಭಾಗಗಳ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಕುಂಟುವ ಮೇಜಿನ ಕಾಲಿನಡಿ ಕಾಗದ ಮಡಚಿ ಇಟ್ಟ ಹಾಗೆ. ಈ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಹೊಂದಿಸಲು ಬರುವುದು ಟೋ ಒಂದೇ, ಅಂದರೆ ಮೇಲಿನಿಂದ ನೋಡಿದರೆ ಚಕ್ರಗಳ ಮೂತಿ ಒಳಗೋ ಹೊರಗೋ ಎಂಬುದು. ಚಕ್ರದ ತಲೆ ಎಷ್ಟು ವಾಲಿದೆ ಎಂಬ ಕ್ಯಾಂಬರ್‌ಗೂ, ಚಕ್ರ ತಿರುಗುವ ಅಕ್ಷ ಎಷ್ಟು ಹಿಂದಕ್ಕೆ ಒರಗಿದೆ ಎಂಬ ಕ್ಯಾಸ್ಟರ್‌ಗೂ ಇಲ್ಲಿ ತಿರುಪು ಇಲ್ಲ. ಅವು ಲೋಹದ ಆಕಾರದಲ್ಲೇ ಅಡಗಿವೆ. ಅವು ತಪ್ಪಿದ್ದರೆ ಯಾವುದೋ ಲೋಹ ಬಾಗಿದೆ ಎಂದೇ ಅರ್ಥ. ಅಂಗಡಿಯ ಚೀಟಿಯಲ್ಲಿ ಎಡ ಕ್ಯಾಂಬರ್ ಕೆಂಪಾಗಿತ್ತು. 'ಈ ಗಾಡಿಗೆ ಅದು ಅಡ್ಜಸ್ಟ್ ಆಗುವುದಿಲ್ಲ' ಎಂದು ಹೇಳಿ ಕಳಿಸಿದ್ದರು. ಮಾತು ನಿಜ. ಆದರೆ ಅಲ್ಲಿಗೆ ಮುಗಿಸುವ ಮಾತಲ್ಲ, ಅಲ್ಲಿಂದ ಶುರುಮಾಡಬೇಕಾದ ಮಾತು. ಕ್ಯಾಸ್ಟರ್ ಅಂಕಣವಂತೂ ಖಾಲಿ ಇತ್ತು.

ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕ ಹಾಕಿದೆ. 165/80 ಆರ್14 ಟಯರ್‌ನ ತ್ರಿಜ್ಯ ಸುಮಾರು 310 ಮಿ.ಮೀ. ರಸ್ತೆ ಎಂಜಿನಿಯರಿಂಗ್ ಪಠ್ಯಗಳ ಪ್ರಕಾರ ವಾಹನ ಹತ್ತಿಳಿಯಬಹುದಾದ ಅಂಚುಕಲ್ಲು ಸುಮಾರು 100 ಮಿ.ಮೀ. ಎತ್ತರ, ಅರ್ಧ ತಡೆಯುವಂಥದ್ದು 150, ಪೂರ್ತಿ ತಡೆಯುವಂಥದ್ದು 200. ಇಲ್ಲಿದ್ದದ್ದು 150ರ ಕಲ್ಲು. ಟಯರ್ ಕುಗ್ಗುವುದನ್ನು ಬದಿಗಿಟ್ಟು ನೋಡಿದರೆ, ಇಷ್ಟು ಎತ್ತರದ ಕಲ್ಲಿನ ಮೂಲೆ ಚಕ್ರವನ್ನು ತಳ್ಳುವ ದಿಕ್ಕು ಲಂಬದಿಂದ ಸುಮಾರು 59 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಮೇಲಕ್ಕೆ ಹೋಗುವ ಪಾಲಿಗಿಂತ ಹಿಂದಕ್ಕೆ ಹೋಗುವ ಪಾಲೇ ಹೆಚ್ಚು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಮೇಲೆ ಕೆಳಗೆ ಆಡುವುದಕ್ಕಾಗಿ ಇರುವವು. ಹಿಂದಕ್ಕೆ ತಳ್ಳುವ ಹೊಡೆತವನ್ನು ತಾಳಬೇಕಾದದ್ದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್, ಅದರ ರಬ್ಬರ್ ಬುಷ್‌ಗಳು ಮತ್ತು ಅದು ಕೂತ ಉಕ್ಕಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್. ಓರೆಯಾಗಿ ಬಡಿದಿದ್ದರಿಂದ ಒಳಮುಖದ ತಳ್ಳಾಟವೂ ಸೇರಿದೆ. ಅದರ ಬಿಸಿ ತಟ್ಟುವುದು ಸ್ಟಿಯರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್‌ಗೆ. ಹಾಗಾಗಿ ನನ್ನ ಅನುಮಾನದ ಪಟ್ಟಿಯಲ್ಲಿ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಜೋಡಿ ಕಂಬ, ಕೊನೆಗಿತ್ತು.

ಮೊದಲು ಚಕ್ರ ಬಿಚ್ಚಿದೆ. ಟಯರ್‌ನ ಹೊರಗೋಡೆ ಚೆನ್ನಾಗಿಯೇ ಇತ್ತು, ಒಳಗೋಡೆಯಲ್ಲಿ ಬೆರಳ ತುದಿಯಷ್ಟು ಉಬ್ಬು. ಒಳಗಿನ ನೂಲುಗಳು ಹರಿದ ಲಕ್ಷಣ ಅದು. ಅಂಥ ಟಯರ್‌ಗೆ ಚಿಕಿತ್ಸೆ ಇಲ್ಲ, ಎಸೆಯಬೇಕು. ರಿಮ್‌ನ ಒಳ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು. ತಂತಿಯೊಂದನ್ನು ಸೂಚಿಯಾಗಿ ನಿಲ್ಲಿಸಿ ಚಕ್ರ ತಿರುಗಿಸಿದಾಗ ಅಂಚು 4 ಮಿ.ಮೀ.ನಷ್ಟು ಓಲಾಡಿತು. ಹೊರಗಿನಿಂದ ನೋಡಿದ ಯಾರಿಗೂ ಇದು ಕಾಣುವಂತಿರಲಿಲ್ಲ. ಸ್ಟೆಪ್ನಿ ಹಾಕಿ ಓಡಿಸಿದಾಗ ನಡುಕ ಪೂರ್ತಿ ಹೋಯಿತು, ಎಡಕ್ಕೆ ಎಳೆಯುವುದು ಹೋಗಲಿಲ್ಲ. ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿದರೂ ಎಳೆತ ಎಡಕ್ಕೇ ಇತ್ತು. ಅಲ್ಲಿಗೆ ಎಳೆತದ ಅಪವಾದದಿಂದ ಟಯರ್‌ಗಳು ಪಾರಾದವು.

ಎಳೆತ ನೋಡುವ ರಸ್ತೆಯ ಬಗ್ಗೆಯೂ ಹೇಳಬೇಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತವೆ. ಎಡಗಡೆ ಓಡಿಸುವಾಗ ಯಾವ ಕಾರೇ ಆದರೂ ತುಸು ಎಡಕ್ಕೆ ಜಾರುತ್ತದೆ. ಹಾಗಾಗಿ ಬೆಳಗಿನ ಜಾವ ಖಾಲಿ ಬಡಾವಣೆ ರಸ್ತೆಯ ನಡುಗೆರೆಯ ಬಲಕ್ಕೂ ಓಡಿಸಿ ನೋಡಿದೆ. ಅಲ್ಲಿ ಬಲಕ್ಕೆ ಜಾರಬೇಕಿತ್ತು. ಅಲ್ಲೂ ಎಡಕ್ಕೇ ಎಳೆಯಿತು.

ಮುಂದಿನದು ಅಳತೆ. ಇದಕ್ಕೆ ಯಂತ್ರ ಬೇಕಿಲ್ಲ, ಗಾರೆ ಕೆಲಸದವರ ತೂಗುಗುಂಡು, ಸೀಮೆಸುಣ್ಣ, ಉಕ್ಕಿನ ಟೇಪು ಸಾಕು. ಕಾರನ್ನು ಹಿಂದೆ ಮುಂದೆ ಉರುಳಿಸಿ, ಸ್ಟಿಯರಿಂಗ್ ನೆಟ್ಟಗಿಟ್ಟು, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿದೆ. ಈ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2430 ಮಿ.ಮೀ. ಬಲಗಡೆ ಅಷ್ಟೇ ಬಂತು. ಎಡಗಡೆ 2418. ಎಡ ಚಕ್ರ 12 ಮಿ.ಮೀ. ಹಿಂದಕ್ಕೆ ಹೋಗಿದೆ. ಚಕ್ರದ ಹಿಂದೆ ಮಡ್‌ಗಾರ್ಡ್‌ನ ಅಂಚಿಗೆ ಎಷ್ಟು ಸಂದು ಇದೆ ಎಂದು ಎರಡೂ ಕಡೆ ಬೆರಳಿಟ್ಟು ನೋಡಿದರೂ ವ್ಯತ್ಯಾಸ ತಿಳಿಯುತ್ತಿತ್ತು. ರಿಮ್‌ಗೆ ಅಲ್ಯೂಮಿನಿಯಂ ಪಟ್ಟಿಯನ್ನು ಲಂಬವಾಗಿ ಒತ್ತಿ ಹಿಡಿದು, ಅದರ ಮೇಲೆ ಮೊಬೈಲ್‌ನ ಕೋನಮಾಪಕ ಇಟ್ಟರೆ ಎಡ ಚಕ್ರದ ತಲೆ ಹೊರಕ್ಕೆ ವಾಲಿದೆ, ಬಲದ್ದು ಕೂದಲೆಳೆಯಷ್ಟು ಒಳಕ್ಕೆ. ಅಂಗಳದ ನೆಲ ಸಮ ಇಲ್ಲದ ಅನುಮಾನಕ್ಕೆ ಕಾರನ್ನು ತಿರುಗಿಸಿ ನಿಲ್ಲಿಸಿ ಮತ್ತೊಮ್ಮೆ ಅಳೆದೆ. ಅದೇ ಬಂತು.

ಆಮೇಲೆ ಕಾರನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಲೋವರ್ ಆರ್ಮ್ ತುದಿಯ ಗುಂಡುಕೀಲಾದ ಬಾಲ್ ಜಾಯಿಂಟ್, ಬೇರಿಂಗ್‌ಗಳ ಸಡಿಲ ತಿಳಿಯುತ್ತದೆ. ಎಡಬಲ ಹಿಡಿದು ಅಲುಗಿಸಿದರೆ ಟೈ ರಾಡ್‌ನದು. ಎಲ್ಲೂ ಸಡಿಲವಿಲ್ಲ. ಗ್ಯಾರೇಜಿನಲ್ಲಿ ಬಹುತೇಕ ಪರೀಕ್ಷೆ ಇಲ್ಲಿಗೇ ಮುಗಿದು 'ಏನೂ ಆಗಿಲ್ಲ ಸಾರ್' ಎಂಬ ಮಾತು ಬರುತ್ತದೆ. ಅಲುಗಾಟ ಸವೆತದ ಗುರುತು. ಬಾಗಿದ ಕಬ್ಬಿಣ ಅಲುಗಬೇಕೆಂದಿಲ್ಲ. ಬಾಗಿ, ಗಟ್ಟಿಯಾಗಿಯೇ ಕೂತಿರುತ್ತದೆ.

ಕಾರಿನಡಿ ಮಲಗಿ ಟಾರ್ಚ್ ಬಿಟ್ಟಾಗ ಎರಡು ಸಂಗತಿ ಕಂಡವು. ಒಂದು, ಎಡ ಟೈ ರಾಡ್‌ನ ಲಾಕ್ ನಟ್ ಮೇಲೆ ಹೊಸ ಸ್ಪ್ಯಾನರ್ ಗುರುತು, ಮತ್ತು ಅದರ ಆಚೆ ಕಾಣುವ ತಿರುಪಿನ ಮರೆಗಳು (ಸುತ್ತುಗೆರೆಗಳು) ಬಲಗಡೆಗಿಂತ ಕಡಿಮೆ. ಅಂಗಡಿಯವರು ಎಡ ರಾಡನ್ನು ಒಳಕ್ಕೆ ತಿರುಗಿಸಿ ಗಿಡ್ಡ ಮಾಡಿದ್ದಾರೆ. ಇನ್ನೊಂದು, ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ ಸ್ವಲ್ಪ ಮುಂಚೆ, ತಗಡು ಮಡಚಿಕೊಂಡಿರುವ ಅಂಚಿನಲ್ಲಿ, ಕಪ್ಪು ಬಣ್ಣ ಸಣ್ಣ ಸಣ್ಣ ಸುಕ್ಕುಗಳಾಗಿ ಎದ್ದಿತ್ತು. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಉದುರಿತು, ಕೆಳಗಿನ ಉಕ್ಕಿಗೆ ಆಗಲೇ ತೆಳುವಾದ ಕೆಂಪು ತುಕ್ಕು. ಕಾರ್ಖಾನೆಯ ಬಣ್ಣ ಸುಮ್ಮನೆ ಸುಕ್ಕಾಗುವುದಿಲ್ಲ; ಅಡಿಯ ಲೋಹ ಕುಗ್ಗಿದ ಜಾಗದಲ್ಲಿ ಮಾತ್ರ ಹಾಗಾಗುತ್ತದೆ. ಸಬ್‌ಫ್ರೇಮ್‌ನ ಬೋಲ್ಟ್‌ಗಳ ಸುತ್ತ ಧೂಳಿನ ಉಂಗುರ ಒಡೆದಿರಲಿಲ್ಲ, ಅಂದರೆ ಅದು ಜರುಗಿಲ್ಲ.

ಬಿಚ್ಚುವ ಮೊದಲು ಸರಿಯಾದ ಯಂತ್ರದ ಓದು ಬೇಕಿತ್ತು. ಬೇರೊಂದು ಅಂಗಡಿಗೆ ಹೋಗಿ 'ಏನನ್ನೂ ತಿರುಗಿಸಬೇಡಿ, ಬ್ರೇಕ್ ಒತ್ತಿಟ್ಟು ಚಕ್ರಗಳನ್ನು ಎಡಬಲ ತಿರುಗಿಸಿ ಕ್ಯಾಸ್ಟರ್ ಮತ್ತು ಎಸ್‌ಎಐ ತೆಗೆದುಕೊಡಿ' ಎಂದು ಕೇಳಿದೆ. ಈ ತಿರುಗಿಸುವ ಪರೀಕ್ಷೆಯನ್ನು ಸಮಯ ಉಳಿಸಲು ಹಲವರು ಬಿಟ್ಟುಬಿಡುತ್ತಾರೆ, ಕೇಳಿದರೆ ಮಾಡಿಕೊಡುತ್ತಾರೆ. ಎಸ್‌ಎಐ ಎಂದರೆ ಚಕ್ರ ತಿರುಗುವ ಅಕ್ಷ ಮುಂದಿನಿಂದ ನೋಡಿದಾಗ ಎಷ್ಟು ಒಳಕ್ಕೆ ವಾಲಿದೆ ಎಂಬ ಕೋನ. ಸ್ಟ್ರಟ್‌ನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟ್‌ಗೆ ಎಳೆದ ಗೆರೆ ಅದು.

ಬಂದ ಅಂಕಿಗಳು (ಒಂದು ಡಿಗ್ರಿಗೆ 60 ಮಿನಿಟು): ಬಲಗಡೆ ಕ್ಯಾಂಬರ್ ಮೈನಸ್ 10 ಮಿನಿಟು, ಎಸ್‌ಎಐ 12 ಡಿಗ್ರಿ 30 ಮಿನಿಟು, ಕ್ಯಾಸ್ಟರ್ 3 ಡಿಗ್ರಿ 10 ಮಿನಿಟು. ಎಡಗಡೆ ಕ್ಯಾಂಬರ್ ಪ್ಲಸ್ 25 ಮಿನಿಟು, ಎಸ್‌ಎಐ 11 ಡಿಗ್ರಿ 55 ಮಿನಿಟು, ಕ್ಯಾಸ್ಟರ್ 2 ಡಿಗ್ರಿ.

ಇಡೀ ರೋಗನಿರ್ಣಯ ಇದರಲ್ಲೇ ಇದೆ. ಕ್ಯಾಂಬರ್ ಮತ್ತು ಎಸ್‌ಎಐ ಎರಡನ್ನೂ ಕೂಡಿಸಿ: ಬಲಗಡೆ 12 ಡಿಗ್ರಿ 20 ಮಿನಿಟು, ಎಡಗಡೆಯೂ 12 ಡಿಗ್ರಿ 20 ಮಿನಿಟು. ಈ ಮೊತ್ತವನ್ನು ನಿರ್ಧರಿಸುವುದು ಸ್ಟ್ರಟ್ ಮತ್ತು ಚಕ್ರ ಕೂರುವ ಉಕ್ಕಿನ ತುಂಡಾದ ನಕಲ್‌ನ ಆಕಾರ. ಅವುಗಳಲ್ಲಿ ಒಂದು ಬಾಗಿದ್ದರೆ ಅಕ್ಷ ಇದ್ದಲ್ಲೇ ಇದ್ದು ಕ್ಯಾಂಬರ್ ಮಾತ್ರ ಕೆಡುತ್ತಿತ್ತು, ಮೊತ್ತ ಬೇರೆಯಾಗುತ್ತಿತ್ತು. ಇಲ್ಲಿ ಒಂದು ಎಷ್ಟು ಏರಿದೆಯೋ ಇನ್ನೊಂದು ಅಷ್ಟೇ ಇಳಿದಿದೆ. ಅಂದರೆ ಅಕ್ಷದ ಬುಡವೇ, ಬಾಲ್ ಜಾಯಿಂಟೇ, ಒಳಕ್ಕೆ ಸರಿದಿದೆ. ಸ್ಟ್ರಟ್ ನಿರಪರಾಧಿ. ಕ್ಯಾಸ್ಟರ್ ಒಂದು ಡಿಗ್ರಿ ಮೀರಿ ಕಡಿಮೆಯಾಗಿರುವುದು ಬುಡ ಹಿಂದಕ್ಕೂ ಹೋಗಿದೆ ಎನ್ನುತ್ತದೆ, ತೂಗುಗುಂಡು ಹೇಳಿದ 12 ಮಿ.ಮೀ.ಗೆ ಇದು ತಾಳೆಯಾಗುತ್ತದೆ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ, ಕ್ಯಾಂಬರ್ ಹೆಚ್ಚು ಹೊರವಾಲಿರುವ ಕಡೆಗೂ ಎಳೆಯುತ್ತದೆ. ಎರಡೂ ಎಡಕ್ಕೆ. ಈ ಅಂಕಿಗಳನ್ನು ನೋಡದೆ ಸ್ಟ್ರಟ್ ಬದಲಿಸಿಬಿಡುವವರು ಇದ್ದಾರೆ. ದುಡ್ಡು ಹೋಗುತ್ತದೆ, ಎಳೆತ ಹೋಗುವುದಿಲ್ಲ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೆ ಹೋದೆ. ಈ ಕಾರಿನ ಬಾಲ್ ಜಾಯಿಂಟ್ ಲೋವರ್ ಆರ್ಮ್‌ನೊಂದಿಗೇ ಬರುತ್ತದೆ, ಬುಷ್‌ಗಳೂ ಅದರಲ್ಲೇ ಕೂತಿರುತ್ತವೆ. ಎಡ ಟೈ ರಾಡ್‌ನ ಒಳತುದಿ, ಹೊರತುದಿ ಎರಡನ್ನೂ, ಅದನ್ನು ಮುಚ್ಚುವ ರಬ್ಬರ್ ಬೆಲ್ಲೋಸ್ ಕವರ್ ಒಂದನ್ನೂ ತೆಗೆದುಕೊಂಡೆ. 'ರಾಡ್ ತಂದುಕೊಡಿ, ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ, ನೂರಿನ್ನೂರರಲ್ಲಿ ಮುಗಿಯುತ್ತದೆ' ಎಂಬ ಸಲಹೆ ಅಲ್ಲೇ ಪಕ್ಕದಲ್ಲಿ ನಿಂತವರಿಂದ ಪುಕ್ಕಟೆಯಾಗಿ ಸಿಕ್ಕಿತು. ಸ್ಟಿಯರಿಂಗ್‌ನ ಭಾಗವನ್ನು ಕಾಯಿಸಿದರೆ ಅದಕ್ಕೆ ಕೊಟ್ಟಿದ್ದ ಗಡಸುತನ ಹೋಗುತ್ತದೆ, ಕಾಯಿಸದೆ ಬಡಿದು ನೇರ ಮಾಡಿದರೆ ಬಾಗಿದ ಜಾಗದಲ್ಲಿ ಬಿರುಕು ಕಾದಿರುತ್ತದೆ. ಅದು ಮುರಿಯುವ ಹೊತ್ತನ್ನು ನಾವು ಆರಿಸುವಂತಿಲ್ಲ. ಈ ಒಂದು ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ಬಿಚ್ಚುವ ಕೆಲಸದಲ್ಲಿ ಸತಾಯಿಸಿದ್ದು ಬಾಲ್ ಜಾಯಿಂಟ್‌ನ ಬಿಗಿ ಬೋಲ್ಟ್. ಜಾಯಿಂಟ್‌ನ ಕಡ್ಡಿಯಲ್ಲಿ ಒಂದು ತೋಡು ಇರುತ್ತದೆ, ಬೋಲ್ಟ್ ಅದರ ಮೂಲಕವೇ ಹಾಯುತ್ತದೆ. ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಇದು ಗೊತ್ತಿಲ್ಲದೆ ಸುತ್ತಿಗೆಯಿಂದ ಬಡಿದರೆ ನಕಲ್ ಹಾಳಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟಿದ್ದೆ, ಆದರೂ ಅದು ಅರ್ಧ ಸುತ್ತು ಬಂದು ನಿಂತಿತು. ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಹಾಕಿ, ಮುಂದಕ್ಕೆ ತಿರುಗಿಸಿ, ಹೀಗೆ ಪುಸಲಾಯಿಸುತ್ತ ಹೊರಬಂತು. ನಕಲ್‌ನ ಸೀಳಿಗೆ ಉಳಿಯನ್ನು ಮೆಲ್ಲಗೆ ತೂರಿಸಿ ಅಗಲಿಸಿದ ಮೇಲೆ, ಆರ್ಮ್ ಅನ್ನು ಉದ್ದ ಹಾರೆಯಿಂದ ಕೆಳಕ್ಕೆ ಅದುಮಿದಾಗ ಜಾಯಿಂಟ್ ಕಳಚಿತು. ಬುಷ್ ಬೋಲ್ಟ್‌ಗಳು ತಕರಾರಿಲ್ಲದೆ ಬಂದವು.

ಹಳೆಯ ಆರ್ಮ್ ಮೇಲೆ ಹೊಸದನ್ನು ಇಟ್ಟು ಬುಷ್ ರಂಧ್ರಗಳನ್ನು ಜೋಡಿಸಿದರೆ ಬಾಲ್ ಜಾಯಿಂಟ್‌ಗಳ ತಲೆಗಳು ಒಂದರ ಮೇಲೊಂದು ಬರಲೇ ಇಲ್ಲ; ಹಳೆಯದು ಹಿಂದಕ್ಕೂ ಒಳಕ್ಕೂ ಸರಿದು ಕೂತಿತ್ತು. ಹಿಂದಿನ ಬುಷ್‌ನ ರಬ್ಬರ್ ಲೋಹದ ಕೊಳವೆಯಿಂದ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಭಾವಮೈದುನ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅಲೈನ್‌ಮೆಂಟ್‌ಗೆ ಕೊಟ್ಟ ದುಡ್ಡಿನ ಬಗ್ಗೆ ಮಾತೆತ್ತಲಿಲ್ಲ.

ಟೈ ರಾಡ್‌ನ ಹೊರತುದಿ ತೆಗೆಯಲು ನಟ್ ಅನ್ನು ಪೂರ್ತಿ ಬಿಚ್ಚದೆ ಕೆಲವು ಮರೆ ಉಳಿಸಿ, ಕಡ್ಡಿಯ ಬದಲು ನಕಲ್‌ನ ಕಿವಿಯ ಬದಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರೆ ಸಾಕು, ಹಿಡಿತ ಬಿಡುತ್ತದೆ. ಬೆಲ್ಲೋಸ್ ಸರಿಸಿ, ಒಳತುದಿಯ ಲಾಕ್ ವಾಷರ್‌ನ ಮಡಿಕೆ ಬಿಡಿಸಿ, ಟೈ ರಾಡ್‌ಗಳನ್ನು ಎಡಬಲ ತಳ್ಳುವ ರ್‍ಯಾಕ್ ದಂಡವನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಂಡು ತಿರುಗಿಸಿದೆ. ಹಾಗೆ ಹಿಡಿಯದಿದ್ದರೆ ತಿರುಚುವ ಬಲವೆಲ್ಲ ಒಳಗಿನ ಹಲ್ಲುಗಳ ಮೇಲೆ ಬೀಳುತ್ತದೆ. ಬಿಚ್ಚಿದ ಒಳತುದಿಯನ್ನು ಗಾಜಿನ ಹಾಳೆಯ ಮೇಲೆ ಉರುಳಿಸಿದರೆ ನಡುಭಾಗ ಎದ್ದು ಎದ್ದು ಬೀಳುತ್ತಿತ್ತು. ಕೈಯಲ್ಲಿ ಹಿಡಿದು ನೋಡಿದಾಗ ಕಾಣದಿದ್ದ ಬಾಗು ಗಾಜಿನ ಮೇಲೆ ಎದ್ದು ಕಂಡಿತು.

ಇಲ್ಲಿ ಅಂಗಡಿಯ ಹಸಿರು ಚೀಟಿಯ ಗುಟ್ಟು ಬಯಲಾಯಿತು. ಈ ಕಾರಿನಲ್ಲಿ ಟೈ ರಾಡ್‌ಗಳು ಚಕ್ರದ ನಡುಗೆರೆಯ ಹಿಂದೆ ಇವೆ. ಲೋವರ್ ಆರ್ಮ್ ಬಾಗಿ ಬಾಲ್ ಜಾಯಿಂಟ್ ಒಳಕ್ಕೆ ಬಂದರೆ, ಹಿಂಭಾಗವನ್ನು ರಾಡ್ ಇದ್ದಲ್ಲೇ ಹಿಡಿದಿರುವುದರಿಂದ ಚಕ್ರದ ಮೂತಿ ಒಳಕ್ಕೆ ತಿರುಗುತ್ತದೆ. ರಾಡ್ ಬಾಗಿ ಗಿಡ್ಡವಾದರೆ ಚಕ್ರದ ಹಿಂಭಾಗ ಒಳಕ್ಕೆ ಬಂದು ಮೂತಿ ಹೊರಕ್ಕೆ ತಿರುಗುತ್ತದೆ. ಎರಡು ಬಾಗುಗಳು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಿದ್ದವು. ಉಳಿದ ಚೂರು ವ್ಯತ್ಯಾಸವೇ ಸ್ಟಿಯರಿಂಗ್ ಎಡಕ್ಕೆ ವಾಲಿದಂತೆ ತೋರಿದ್ದು. ಅದನ್ನು ಅಂಗಡಿಯವರು ರಾಡನ್ನು ಇನ್ನಷ್ಟು ಗಿಡ್ಡ ಮಾಡಿ ಅಳಿಸಿದರು. ಟೋ ಸರಿಯಾಯಿತು, ಚಕ್ರ ಮಾತ್ರ ತಪ್ಪು ಜಾಗದಲ್ಲೇ ಉಳಿಯಿತು. ಈಗ ಯಾರಾದರೂ ಆರ್ಮ್ ಒಂದನ್ನೇ ಬದಲಿಸಿ ರಾಡನ್ನು ಹಾಗೆಯೇ ಬಿಟ್ಟಿದ್ದರೆ ಎಡ ಚಕ್ರ ಕಣ್ಣಿಗೆ ಕಾಣುವಷ್ಟು ಹೊರಕ್ಕೆ ತಿರುಗಿ, ಕಾರು ಗೇಟು ದಾಟುವುದರೊಳಗೆ ಟಯರ್ ಕಿರುಚುತ್ತಿತ್ತು.

ಎರಡೂ ಕಡೆಯ ರಾಡ್ ಕಳಚಿದ್ದಾಗಲೇ ರ್‍ಯಾಕ್ ಪರೀಕ್ಷಿಸಿದೆ. ಬಲಗಡೆಯದನ್ನು ಬಿಚ್ಚಿದ್ದು ಇದಕ್ಕಾಗಿಯೇ. ಸ್ಟಿಯರಿಂಗ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಬೆರಳಲ್ಲಿ ತಿರುಗಿಸಿದರೆ ಎಲ್ಲೂ ಬಿಗಿ ಸಿಗಬಾರದು. ಸಿಗಲಿಲ್ಲ. ಹೊರಬಂದ ದಂಡದ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ನೋಡಿದೆ, ಬೆಳಕು ನುಸುಳಲಿಲ್ಲ. ಇದು ಬಾಗಿದ್ದರೆ ಖರ್ಚು ಬೇರೆಯದೇ ಮಟ್ಟಕ್ಕೆ ಹೋಗುತ್ತಿತ್ತು. ಟೈ ರಾಡ್ ತಾನು ಬಾಗಿ ರ್‍ಯಾಕನ್ನು ಉಳಿಸಿತು ಎನ್ನಬೇಕು.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ, ಒಂದು ಕಡೆ ಬಿಟ್ಟು. ಲೋವರ್ ಆರ್ಮ್‌ನ ಬುಷ್ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಆ ತಿರುಚಿನಲ್ಲೇ ದಿನವೂ ದುಡಿದು ಬೇಗ ಹರಿಯುತ್ತದೆ. ಕೈಯಲ್ಲಿ ಬರುವಷ್ಟು ಮಾತ್ರ ತಿರುಗಿಸಿ, ಚಕ್ರ ಹಾಕಿ, ಎರಡು ಮುಂಚಕ್ರಗಳನ್ನೂ ದಪ್ಪ ಹಲಗೆಗಳ ಮೇಲೆ ಇಳಿಸಿ, ಬಂಪರ್ ಅದುಮಿ ಕುಣಿಸಿ, ಕಾರು ತನ್ನ ಭಾರದಲ್ಲಿ ಕೂತ ಮೇಲೆ ಕೆಳಗೆ ನುಸುಳಿ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿದೆ. ಗ್ಯಾರೇಜಿನಲ್ಲಿ ಮಾಡಿಸುವವರು ಈ ಒಂದು ಕೆಲಸವನ್ನು ಎದುರಿಗೆ ನಿಂತು ನೋಡುವುದು ಒಳ್ಳೆಯದು. ಹೊಸ ಎಡ ರಾಡಿನ ಉದ್ದವನ್ನು ಬಲ ರಾಡಿನ ಅಳತೆಗೆ ಸಮವಾಗಿ ಇಟ್ಟೆ. ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಲು ಅಷ್ಟು ಸಾಕು. ಹೊಸ ರಿಮ್ ಹಾಕಿದೆವು. ಮುಂದಿನ ಟಯರ್‌ಗಳು ಹೇಗೂ ಮುಕ್ಕಾಲು ಸವೆದಿದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಿದೆವು.

ತೂಗುಗುಂಡು ಮತ್ತೆ ಇಳಿಬಿಟ್ಟಾಗ ಎಡಗಡೆ 2429. ಸಬ್‌ಫ್ರೇಮ್ ಜರುಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರದ ಮೇಲೆ ಎಡ ಕ್ಯಾಂಬರ್ ಮೈನಸ್ 5 ಮಿನಿಟು, ಕ್ಯಾಸ್ಟರ್ 3 ಡಿಗ್ರಿ 5 ಮಿನಿಟು ತೋರಿಸಿತು. ಯಾವ ತಿರುಪನ್ನೂ ಮುಟ್ಟದೆ ಎರಡೂ ತಮ್ಮ ಜಾಗಕ್ಕೆ ಮರಳಿವೆ. ಟೋ ಒಂದನ್ನು ಹೊಂದಿಸಿದರು. ಈ ಕಾರಿನಲ್ಲಿ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇಲ್ಲ. ಇರುವ ಕಾರುಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಸ್ಟಿಯರಿಂಗ್ ಕೋನದ ಸೆನ್ಸರ್‌ಗೆ ಸೊನ್ನೆ ಎಲ್ಲಿದೆ ಎಂದು ಸ್ಕ್ಯಾನರ್ ಮೂಲಕ ತಿಳಿಸಬೇಕಾಗಬಹುದು, ಇಲ್ಲದಿದ್ದರೆ ಡ್ಯಾಷ್‌ಬೋರ್ಡ್‌ನಲ್ಲಿ ದೀಪ ಉರಿಯುತ್ತದೆ. ಕಾರು ಈಗ ನಡುಗೆರೆಯ ಎಡಕ್ಕೆ ಓಡಿಸಿದರೆ ತುಸು ಎಡಕ್ಕೆ, ಬಲಕ್ಕೆ ಓಡಿಸಿದರೆ ತುಸು ಬಲಕ್ಕೆ ಜಾರುತ್ತದೆ. ಸ್ಟಿಯರಿಂಗ್ ಎರಡೂ ಕಡೆಯಿಂದ ಒಂದೇ ಹುರುಪಿನಲ್ಲಿ ನಡುವಿಗೆ ಮರಳುತ್ತದೆ.

ಒಂದು ಬಾಕಿ ಉಳಿದಿದೆ. ಕೆಲವು ವಾರ ಓಡಿದ ಮೇಲೆ ಗಂಟೆಗೆ 50ರಿಂದ 60 ಕಿ.ಮೀ. ವೇಗದಲ್ಲಿ ಸಣ್ಣ ಗುಂಯ್‌ಗುಡುವಿಕೆ ಶುರುವಾಗಿದೆ. ಬಲಕ್ಕೆ ತಿರುಗಿಸಿದಾಗ, ಅಂದರೆ ಎಡ ಚಕ್ರದ ಮೇಲೆ ಭಾರ ಬಿದ್ದಾಗ, ಜೋರಾಗುತ್ತದೆ. ಎಡಕ್ಕೆ ತಿರುಗಿಸಿದಾಗ ಅಡಗುತ್ತದೆ. ಎಡ ಚಕ್ರದ ಬೇರಿಂಗ್. ಕಲ್ಲಿಗೆ ಬಡಿದಾಗ ಗುಂಡುಗಳು ಓಡುವ ಹಾದಿಯಲ್ಲಿ ಅಚ್ಚು ಮೂಡಿದರೆ ಅದು ಆ ದಿನವೇ ಸದ್ದು ಮಾಡುವುದಿಲ್ಲ, ನಿಧಾನವಾಗಿ ಬಲಿಯುತ್ತದೆ. ಬೇರಿಂಗ್ ನಕಲ್‌ನೊಳಗೆ ಬಿಗಿಯಾಗಿ ಕೂತಿರುವುದರಿಂದ ಬದಲಿಸಲು ಪ್ರೆಸ್ ಬೇಕು; ನಕಲ್ ಬಿಚ್ಚಿ ವರ್ಕ್‌ಶಾಪಿಗೆ ಒಯ್ಯುತ್ತೇನೆ. ಬಿಚ್ಚುವ ಮೊದಲು ಸ್ಟ್ರಟ್‌ನ ಎರಡು ಬೋಲ್ಟ್‌ಗಳ ಸುತ್ತ ಬಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಆ ರಂಧ್ರಗಳಲ್ಲಿರುವ ಸಡಿಲದಲ್ಲೇ ಕ್ಯಾಂಬರ್ ಕೆಲವು ಮಿನಿಟು ಆಚೀಚೆ ಆಗಿಬಿಡುತ್ತದೆ.